ಒಣಹವೆಯಲ್ಲಿ ಕೈಗೆ ಸಿಗುವ ಸ್ಥಿರ ವಿದ್ಯುತ್ತು

ಬೆಂಗಳೂರಿನಲ್ಲಿ ಫೆಬ್ರುವರಿ, ಮಾರ್ಚ್ ತಿಂಗಳುಗಳ ಒಣ ಮಧ್ಯಾಹ್ನಗಳೇ ಸ್ಥಿರ ವಿದ್ಯುತ್ತಿನ ಪ್ರಯೋಗಗಳಿಗೆ ತಕ್ಕ ಹೊತ್ತು. ಮಳೆಗಾಲದಲ್ಲಿ ವಸ್ತುಗಳ ಮೇಲೆ ಕೂರುವ ತೇವದ ತೆಳುಪದರದ ಮೂಲಕ ವಿದ್ಯುದಾವೇಶ ಸೋರಿಹೋಗುವುದರಿಂದ, ಜುಲೈನಲ್ಲಿ ಪ್ರಯತ್ನಿಸಿ ಸೋತ ಮಕ್ಕಳು ತಪ್ಪು ತಮ್ಮದೆಂದು ಕೈಬಿಡುತ್ತಾರೆ. ಹಾಗಾಗಬಾರದು.

ಮೊದಲು ಪ್ಲಾಸ್ಟಿಕ್ ಸ್ಕೇಲನ್ನು ಒಣಗಿದ ಕೂದಲಿಗೆ ಉಜ್ಜಿ, ಕಾಗದದ ಚೂರುಗಳ ಮೇಲೆ ಹಿಡಿಯಿರಿ. ಎಣ್ಣೆ ಹಚ್ಚಿದ ತಲೆಯಾದರೆ ಪ್ರಯೋಗ ಕೈಕೊಡುತ್ತದೆ. ಚೂರುಗಳು ಜಿಗಿದು ಅಂಟಿಕೊಳ್ಳುವುದನ್ನು ಎಲ್ಲರೂ ನೋಡಿರುತ್ತಾರೆ. ಕಣ್ಣಿಟ್ಟು ಕಾದರೆ, ಅಂಟಿದ ಕೆಲವು ಚೂರುಗಳು ಸ್ಕೇಲಿನ ಆವೇಶವನ್ನೇ ಪಡೆದು ತಟ್ಟನೆ ಸಿಡಿದು ದೂರ ಬೀಳುವುದೂ ಕಾಣುತ್ತದೆ.

ಈ ವಿಕರ್ಷಣೆಯನ್ನೇ ಬಳಸಿಕೊಂಡು ವಿದ್ಯುದ್ದರ್ಶಕವನ್ನು, ಅಂದರೆ ಆವೇಶವಿದೆಯೇ ಎಂದು ತೋರಿಸುವ ಸಾಧನವನ್ನು, ಮಾಡಬಹುದು. ಚೆನ್ನಾಗಿ ಒಣಗಿಸಿದ ಉಪ್ಪಿನಕಾಯಿ ಬಾಟಲಿಯ ಪ್ಲಾಸ್ಟಿಕ್ ಮುಚ್ಚಳಕ್ಕೆ ತೂತು ಮಾಡಿ, ಹೊದಿಕೆ ಸುಲಿದ ತಾಮ್ರದ ತಂತಿಯನ್ನು ಇಳಿಬಿಡಿ. ತಂತಿಯ ಕೆಳತುದಿಯನ್ನು ಕೊಕ್ಕೆಯಂತೆ ಬಾಗಿಸಿ, 4 ಸೆಂ.ಮೀ. ಉದ್ದ, ಅರ್ಧ ಸೆಂ.ಮೀ. ಅಗಲದ ಎರಡು ಅಲ್ಯೂಮಿನಿಯಂ ಫಾಯಿಲ್ ಪಟ್ಟಿಗಳನ್ನು ಅಕ್ಕಪಕ್ಕ ತೂಗುಹಾಕಿ. ಪಟ್ಟಿಗಳಲ್ಲಿ ಸುಕ್ಕಿರಬಾರದು. ಮೇಲ್ತುದಿಗೆ ಫಾಯಿಲ್ಲಿನ ಉಂಡೆ ಸಿಕ್ಕಿಸಿ.

ಪಿವಿಸಿ ಪೈಪಿನ ತುಂಡನ್ನು ಉಣ್ಣೆಬಟ್ಟೆಯಿಂದ ಉಜ್ಜಿ ಉಂಡೆಯ ಬಳಿ ತಂದರೆ, ಮುಟ್ಟಿಸದೆಯೇ ಪಟ್ಟಿಗಳು ಅಗಲುತ್ತವೆ. ಪೈಪಿನ ಋಣಾವೇಶವು ತಂತಿಯ ಎಲೆಕ್ಟ್ರಾನುಗಳನ್ನು ಕೆಳಕ್ಕೆ ತಳ್ಳುವುದರಿಂದ ಎರಡೂ ಪಟ್ಟಿಗಳಲ್ಲಿ ಒಂದೇ ಬಗೆಯ ಆವೇಶ ತುಂಬಿ, ಒಂದನ್ನೊಂದು ದೂಡುತ್ತವೆ. ಪೈಪ್ ಸರಿಸಿದರೆ ಮತ್ತೆ ಮುಚ್ಚಿಕೊಳ್ಳುತ್ತವೆ.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಮುಂದಿನ ಹಂತ. ಪೈಪನ್ನು ಹತ್ತಿರ ಹಿಡಿದಿರುವಾಗಲೇ ಉಂಡೆಯನ್ನು ಬೆರಳಿನಿಂದ ಮುಟ್ಟಿರಿ. ಮೊದಲು ಬೆರಳು, ಆಮೇಲೆ ಪೈಪ್ ತೆಗೆಯಿರಿ. ಈ ಕ್ರಮ ತಪ್ಪಿದರೆ ಏನೂ ಉಳಿಯುವುದಿಲ್ಲ. ಕ್ರಮ ಸರಿಯಿದ್ದರೆ, ಎಲೆಕ್ಟ್ರಾನುಗಳು ಬೆರಳಿನ ಮೂಲಕ ಹರಿದುಹೋಗಿರುವುದರಿಂದ ಪಟ್ಟಿಗಳು ಧನಾವೇಶದೊಂದಿಗೆ ತೆರೆದೇ ಇರುತ್ತವೆ. ಈಗ ಅದೇ ಪೈಪನ್ನು ನಿಧಾನವಾಗಿ ತಂದರೆ ಅವು ಕುಗ್ಗುತ್ತವೆ, ರೇಷ್ಮೆಯಿಂದ ಉಜ್ಜಿದ ಗಾಜಿನ ಕಡ್ಡಿಯನ್ನು ತಂದರೆ ಇನ್ನಷ್ಟು ಅಗಲುತ್ತವೆ. ಆವೇಶದಲ್ಲಿ ಎರಡು ಬಗೆಯಿದೆಯೆಂದು ಫ್ರಾನ್ಸಿನ ಷಾರ್ಲ್ ದು ಫೇ 1733ರಲ್ಲಿ ಕಂಡುಕೊಂಡದ್ದು ಹೀಗೆ ಉಜ್ಜಿದ ಗಾಜು ಮತ್ತು ರಾಳಗಳ ವರ್ತನೆಯನ್ನು ಹೋಲಿಸಿಯೇ.

ತೆರೆದ ಪಟ್ಟಿಗಳು ಮುಚ್ಚಿಕೊಳ್ಳಲು ಎಷ್ಟು ನಿಮಿಷ ಹಿಡಿಯಿತೆಂದು ಗಡಿಯಾರ ನೋಡಿ ಬರೆದಿಡಿ. ಮಳೆ ಹಿಡಿದ ಮೇಲೆ ಇದೇ ಬಾಟಲಿಯನ್ನು ಹೊರತೆಗೆದು, ಅದೇ ಪುಟದಲ್ಲಿ ಇನ್ನೊಂದು ಅಳತೆ ಬರೆಯಿರಿ.