ಜಿಂಕೆ ಬೇಟೇಲಿ ವಾಸನೆ ಕಂಟ್ರೋಲ್ ಎಷ್ಟು ಮುಖ್ಯ? ಮೊದಲು ಗಾಳಿ ನೋಡಿ, ಆಮೇಲೆ ಸೋಪು

ವಾಸನೆ ತೆಗೆಯೋ ಸ್ಪ್ರೇ, ಕಾರ್ಬನ್ ಸೂಟು, ಓಝೋನ್ ಮೆಷಿನ್ನು, ಇವೆಲ್ಲ ತಗೋಬೇಕಾ ಬೇಡ್ವಾ ಅಂತ ಹೊಸದಾಗಿ ಬೇಟೆ ಶುರು ಮಾಡಿದೋರು ಕೇಳ್ತಾನೇ ಇರ್ತಾರೆ. ನನ್ನ ಉತ್ತರ ಮೊದ್ಲೇ ಹೇಳ್ಬಿಡ್ತೀನಿ. ಜಿಂಕೆ ಮೂಗಿಂದ ತಪ್ಪಿಸ್ಕೊಳ್ಳೋ ಕೆಲ್ಸದಲ್ಲಿ ದೊಡ್ಡ ಪಾಲು ಗಾಳಿ ನೋಡಿ ಜಾಗ ಆರಿಸೋದು, ಸೋಪು ಬಟ್ಟೆ ಬೂಟು ಎಲ್ಲ ಆಮೇಲೆ ಬರೋವು, ಅವು ಬೇಡ ಅಂತಲ್ಲ, ಆದ್ರೆ ಗಾಳಿ ತಪ್ಪಿದ್ರೆ ಅವ್ಯಾವೂ ಕೈ ಹಿಡಿಯಲ್ಲ. ಇಲ್ಲಿ ಹೇಳ್ತಿರೋದು ಉತ್ತರ ಅಮೆರಿಕದ ವೈಟ್‌ಟೇಲ್ ಜಿಂಕೆ ಬಗ್ಗೆ, ಲೈಸೆನ್ಸ್ ತಗೊಂಡು ಸೀಸನ್ನಲ್ಲಿ ಬೇಟೆ ಆಡೋರಿಗೆ. ಭಾರತದಲ್ಲಿ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಜಿಂಕೆ ಬೇಟೆ ಅಪರಾಧ, ಅಲ್ಲಿ ಈ ಪ್ರಶ್ನೆನೇ ಬರಲ್ಲ.

ಜಿಂಕೆ ಕಣ್ಣಿಗೆ ನೀವು ಕಂಡ್ರೂ, ಅಲುಗಾಡದೆ ಕೂತಿದ್ರೆ ಅದು ಕತ್ತು ಮೇಲೆ ಕೆಳಗೆ ಆಡ್ಸುತ್ತೆ, ಮುಂಗಾಲು ನೆಲಕ್ಕೆ ಬಡಿಯುತ್ತೆ, ಇದೇನು ಅಂತ ಖಾತ್ರಿ ಮಾಡ್ಕೊಳ್ಳೋಕೆ ನೋಡುತ್ತೆ, ಎಷ್ಟೋ ಸಲ ಸುಮ್ನಾಗಿ ಮತ್ತೆ ಮೇಯೋಕೆ ಶುರು ಮಾಡುತ್ತೆ. ಸದ್ದು ಕೇಳಿದ್ರೂ ಹಾಗೇ. ಮೂಗಿಗೆ ಮನುಷ್ಯನ ವಾಸನೆ ಗಟ್ಟಿಯಾಗಿ ಸಿಕ್ತು ಅಂದ್ರೆ ಆ ಅನುಮಾನ ಎಲ್ಲ ಇಲ್ಲ, ಬುಸ್ ಅಂತ ಜೋರಾಗಿ ಮೂಗಲ್ಲಿ ಗಾಳಿ ಬಿಟ್ಟು ಬಾಲ ಎತ್ತಿ ಓಟ, ಜೊತೆಗೆ ಸುತ್ತಮುತ್ತ ಇರೋ ಜಿಂಕೆಗಳಿಗೂ ಸುದ್ದಿ ಮುಟ್ತು. ಅದಕ್ಕೇ ಮೂರು ಇಂದ್ರಿಯದಲ್ಲಿ ಮೂಗಿಗೆ ನಾನು ಮೊದಲ ಮರ್ಯಾದೆ ಕೊಡೋದು.

ಮನುಷ್ಯನ ವಾಸನೆ ಪೂರ್ತಿ ತೆಗೆಯೋಕೆ ಆಗುತ್ತಾ ಅಂದ್ರೆ ಆಗಲ್ಲ. ಬೆವರಿಗೆ ತಾನಾಗೇ ಅಷ್ಟೇನೂ ವಾಸನೆ ಇಲ್ಲ, ಚರ್ಮದ ಮೇಲಿನ ಬ್ಯಾಕ್ಟೀರಿಯಾ ಅದನ್ನ ಒಡೆದಾಗ ನಾತ ಬರೋದು, ನೀವು ತಿಕ್ಕಿ ಸ್ನಾನ ಮಾಡಿ ಬಂದ್ರೂ ಕೆಲವೇ ಗಂಟೇಲಿ ಅವು ಮತ್ತೆ ಕೆಲಸ ಶುರು ಮಾಡಿರ್ತವೆ. ಚರ್ಮದಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಹೊಟ್ಟು ಸದಾ ಉದುರ್ತಾ ಇರುತ್ತೆ, ಅದು ಗಾಳೀಲಿ ತೇಲ್ಕೊಂಡು ಹೋಗುತ್ತೆ, ಇನ್ನು ಉಸಿರು ಅಂತೂ ನಿಲ್ಸೋ ಹಾಗಿಲ್ವಲ್ಲ. ಅಂದ್ಮೇಲೆ ನಮ್ಮ ಗುರಿ ವಾಸನೆ ಸೊನ್ನೆ ಮಾಡೋದಲ್ಲ, ಕಮ್ಮಿ ಮಾಡೋದು, ಉಳಿದಿದ್ದು ಜಿಂಕೆ ಇಲ್ಲದ ಕಡೆ ಹೋಗೋ ಹಾಗೆ ಕೂರೋದು.

ಈಗ ಗಾಳಿ ವಿಷ್ಯ, ಇದನ್ನ ಸ್ವಲ್ಪ ಉದ್ದ ಬರೀತೀನಿ ಯಾಕಂದ್ರೆ ಇಲ್ಲೇ ಎಲ್ಲಾ ಇರೋದು. ಜಿಂಕೆ ಯಾವ ಕಡೆಯಿಂದ ಬರಬಹುದು ಅಂತ ಅಂದಾಜು ಮಾಡಿ, ಗಾಳಿ ಆ ಕಡೆಯಿಂದ ನಿಮ್ಮ ಮುಖಕ್ಕೆ ಅಥವಾ ಅಡ್ಡಕ್ಕೆ ಬೀಸೋ ಜಾಗದಲ್ಲಿ ಕೂರಿ, ಇದು ಎಲ್ರೂ ಹೇಳೋ ಪಾಠ. ಆದ್ರೆ ವಾಸನೆ ದಾರ ಕಟ್ಟಿದ ಹಾಗೆ ನೇರ ಹೋಗಲ್ಲ, ದೂರ ಹೋದಷ್ಟೂ ಅಗಲ ಆಗುತ್ತೆ, ಮರ ದಿಬ್ಬ ಅಡ್ಡ ಸಿಕ್ಕಿದ ಕಡೆ ಸುಳಿ ಸುತ್ತಿ ಹಿಂದಕ್ಕೂ ಬರುತ್ತೆ, ಗಾಳಿ ಮೆತ್ತಗಿದ್ದಾಗಂತೂ ಕ್ಷಣಕ್ಕೊಂದು ದಿಕ್ಕು. ತುಂಬಾ ಜನ ಗಾಳಿ ಕಮ್ಮಿ ಇದ್ರೆ ಒಳ್ಳೇದು ಅನ್ಕೋತಾರೆ, ನನ್ನ ಪ್ರಕಾರ ಉಲ್ಟಾ, ಒಂದೇ ದಿಕ್ಕಿಂದ ಸ್ಥಿರವಾಗಿ ಬೀಸೋ ಗಾಳಿ ನಂಬಬಹುದು, ಸತ್ತ ಗಾಳಿ ನಂಬೋಕಾಗಲ್ಲ. ಕಿರಿದಾದ ಕಣಿವೆ ತಳದಲ್ಲಿ ಗಾಳಿ ಸುತ್ತೋದು ಜಾಸ್ತಿ, ಅಲ್ಲಿ ಜಿಂಕೆ ಹೆಜ್ಜೆ ಎಷ್ಟೇ ಕಂಡ್ರೂ ಕೂರೋಕೆ ನಾನು ಹಿಂದೆಮುಂದೆ ನೋಡ್ತೀನಿ.

ಗಾಳಿ ಜೊತೆ ಇನ್ನೊಂದಿದೆ, ಥರ್ಮಲ್ ಅಂತಾರೆ, ಗುಡ್ಡ ಇರೋ ಕಡೆ ಇದು ಗೊತ್ತಿಲ್ದೆ ಬೇಟೆಗೆ ಹೋಗ್ಲೇಬೇಡಿ. ಬಿಸಿಲು ಬಿದ್ದು ನೆಲ ಕಾಯ್ತು ಅಂದ್ರೆ ಬಿಸಿ ಗಾಳಿ ಇಳಿಜಾರು ಹಿಡಿದು ಮೇಲಕ್ಕೆ ಹತ್ತುತ್ತೆ, ಸಂಜೆ ನೆಲ ತಣ್ಣಗಾಗ್ತಿದ್ದ ಹಾಗೆ ತಂಪು ಗಾಳಿ ನೀರು ಹರಿದ ಹಾಗೆ ಹಳ್ಳ ಹಿಡಿದು ಕೆಳಗಿಳಿಯುತ್ತೆ, ನಿಮ್ಮ ವಾಸನೆನೂ ಅದ್ರ ಜೊತೇಲೇ. ಹಾಗಾಗಿ ಬಿಸಿಲೇರಿದ ಮೇಲೆ ಜಿಂಕೆ ದಾರಿಗಿಂತ ಮೇಲೆ ಇರೋದು ವಾಸಿ, ಸಂಜೆ ಕೆಳಗೆ ಇರೋದು ವಾಸಿ. ಬೆಳಗಿನ ಜಾವ ಕತ್ತಲಲ್ಲಿ ಗಾಳಿ ಇನ್ನೂ ಇಳೀತಾನೇ ಇರುತ್ತೆ ಅನ್ನೋದು ಮರೀಬೇಡಿ, ಸೂರ್ಯ ಬಂದು ಇಳಿಜಾರು ಕಾದ ಮೇಲೇ ಅದು ತಿರುಗೋದು, ಆ ತಿರುಗೋ ಹೊತ್ತಲ್ಲಿ ಸ್ವಲ್ಪ ಹೊತ್ತು ಎತ್ತ ಹೋಗುತ್ತೆ ಅಂತ ಹೇಳೋಕಾಗಲ್ಲ. ಜೋರು ಗಾಳಿ ಇದ್ರೆ ಥರ್ಮಲ್ ಅಷ್ಟಾಗಿ ಗೊತ್ತಾಗಲ್ಲ, ಮೆತ್ತಗಿರೋ ದಿನ ಅದೇ ಯಜಮಾನ.

ಫೋನಲ್ಲಿರೋ ವೆದರ್ ಆ್ಯಪ್ ವಾಯುವ್ಯ ಗಾಳಿ ಅಂತ ತೋರ್ಸುತ್ತೆ ಸರಿ, ಆದ್ರೆ ನೀವು ಕೂತಿರೋ ಮರದ ಹತ್ರ ಏನಾಗ್ತಿದೆ ಅಂತ ಅದಕ್ಕೆ ಗೊತ್ತಿಲ್ಲ. ಅದನ್ನ ನೋಡೋಕೆ ವಾಸನೆ ಇಲ್ಲದ ಪೌಡರ್ ತುಂಬಿದ ಪುಟ್ಟ ಬಾಟ್ಲಿ ಸಿಗುತ್ತೆ, ಒತ್ತಿದ್ರೆ ಪುಸ್ ಅಂತ ಬರುತ್ತೆ, ಆದ್ರೆ ಪೌಡರ್ ಒಂದೆರಡು ಮಾರು ಹೋಗಿ ಮಾಯ. ಅದಕ್ಕಿಂತ ಮಿಲ್ಕ್‌ವೀಡ್ ಹತ್ತಿ ಎಷ್ಟೋ ಮೇಲು, ಇದು ನಮ್ಮ ಎಕ್ಕದ ಗಿಡದ ಬಳಗದ್ದೇ, ಕಾಯಿ ಒಡೆದ್ರೆ ಒಳಗೆ ರೇಷ್ಮೆ ಥರ ಎಳೆ ಇರುತ್ತೆ, ಒಂದೊಂದೇ ಬಿಟ್ರೆ ತೇಲ್ತಾ ದೂರ ಹೋಗುತ್ತೆ, ಎಲ್ಲಿ ತಿರುಗ್ತು, ಎಲ್ಲಿ ಎದ್ದಿತು, ಎಲ್ಲಿ ನೆಲಕ್ಕೆ ಇಳೀತು ಎಲ್ಲಾ ಕಣ್ಣಾರೆ ಕಾಣುತ್ತೆ. ಕೂತ್ಕೊಂಡ ತಕ್ಷಣ ಒಂದ್ಸಲ, ಆಮೇಲೆ ಆಗಾಗ ಬಿಡ್ತಾ ಇರಿ. ಮರದ ಮೇಲೆ ಎತ್ತರದಲ್ಲಿದ್ರೆ ವಾಸನೆ ಹತ್ತಿರದ ಜಿಂಕೆ ತಲೆ ಮೇಲೆ ಹಾದು ಹೋಗಿ ದೂರದಲ್ಲೆಲ್ಲೋ ಇಳಿಯೋ ಚಾನ್ಸ್ ಇದೆ, ಆ ಇಳಿಯೋ ಜಾಗ ಎಲ್ಲಿ ಅಂತ ತೋರಿಸಿಕೊಡೋದು ಈ ಎಳೆನೇ. ಎಳೆ ಜಿಂಕೆ ಬರೋ ಕಡೆಗೇ ಹೋಗ್ತಾ ಇದ್ರೆ ಇಳಿದು ಬೇರೆ ಕಡೆ ಹೋಗಿ, ಇಲ್ಲಾ ಮನೆಗೆ ಹೋಗಿ, ಹಠ ಹಿಡಿದು ಕೂತ್ರೆ ಆ ಜಾಗನ ಮುಂದಿನ ವಾರಕ್ಕೂ ಕೆಡಿಸಿದ ಹಾಗೆ. ಒಂದೇ ಸ್ಟ್ಯಾಂಡ್, ಅಂದ್ರೆ ಮರದ ಮೇಲೆ ಕಟ್ಟಿದ ಕೂರೋ ಅಟ್ಟಣೆ, ಅದನ್ನೇ ನೆಚ್ಕೋಬೇಡಿ, ಬೇರೆ ಬೇರೆ ದಿಕ್ಕಿನ ಗಾಳಿಗೆ ಬೇರೆ ಬೇರೆ ಜಾಗ ಮೊದಲೇ ನೋಡಿಟ್ಕೊಳ್ಳಿ.

ಇನ್ನೊಂದು ಸೂಕ್ಷ್ಮ ಇದೆ. ದೊಡ್ಡ ಕೊಂಬಿನ ಗಂಡು ಜಿಂಕೆ ಗಾಳಿ ತನಗೆ ಅನುಕೂಲ ಇರೋ ಹಾಗೆ ನಡೆಯೋಕೆ ಇಷ್ಟಪಡುತ್ತೆ, ಗಾಳಿಮರೆಯ ಇಳಿಜಾರಲ್ಲಿ ಬೆನ್ನಿಗೆ ಗಾಳಿ ಬಿಟ್ಕೊಂಡು ಕೆಳಗಡೆ ಕಣ್ಣಿಟ್ಟು ಮಲಗುತ್ತೆ, ನೀವು ಕೊಂಬು ತಾಡಿಸೋ ಸದ್ದು ಮಾಡಿ ಕರೆದ್ರೂ ನೇರ ಬರಲ್ಲ, ಸುತ್ತಿ ನಿಮ್ಮ ವಾಸನೆ ಹೋಗೋ ಕಡೆಯಿಂದ ಬಂದು ಮೂಸಿ ನೋಡುತ್ತೆ. ಅಂದ್ರೆ ನಿಮಗೆ ಪೂರ್ತಿ ಅನುಕೂಲ ಇರೋ ಗಾಳೀಲಿ ಅಂಥದ್ದು ಬರದೇ ಇರಬಹುದು. ಅದಕ್ಕೇ ಅನುಭವಸ್ಥರು ಅಂಚಿನ ಗಾಳಿ ಆರಿಸ್ತಾರೆ, ಜಿಂಕೆಗೆ ಗಾಳಿ ತನ್ನ ಕಡೆ ಇದೆ ಅನ್ಸಬೇಕು, ಆದ್ರೆ ನಿಮ್ಮ ವಾಸನೆ ಅದ್ರ ದಾರಿ ಪಕ್ಕದಲ್ಲಿ ಸ್ವಲ್ಪದರಲ್ಲೇ ತಪ್ಪಿ ಹೋಗ್ಬೇಕು. ಇದು ಕಷ್ಟದ ಲೆಕ್ಕ, ಸ್ವಲ್ಪ ಆಚೀಚೆ ಆದ್ರೂ ಕೆಟ್ಟಿತು, ಆದ್ರೆ ಸೋಪು ಬಟ್ಟೆಗೆ ನಿಜವಾದ ಬೆಲೆ ಬರೋದೂ ಇಲ್ಲೇ, ಅಂಚಲ್ಲಿ ಸಿಗೋ ತೆಳು ವಾಸನೆ ಇನ್ನೂ ತೆಳು ಆದ್ರೆ ಜಿಂಕೆ ಒಂದ್ ಕ್ಷಣ ನಿಂತು ಯೋಚಿಸಬಹುದು, ಆ ಕ್ಷಣ ಸಾಕು.

ಕೂರೋದು ಎಷ್ಟು ಮುಖ್ಯನೋ ಹೋಗೋ ಬರೋ ದಾರಿನೂ ಅಷ್ಟೇ, ಇದನ್ನ ಯಾಕೋ ಜನ ಗಮನ ಕೊಡಲ್ಲ. ಜಿಂಕೆ ಮಲಗೋ ಪೊದೆ ಕಡೆಗೆ ಗಾಳಿ ಬೀಸ್ತಿರುವಾಗ ಅದ್ರ ಮುಂದೇನೇ ನಡ್ಕೊಂಡು ಹೋದ್ರೆ ಹತ್ತಿ ಕೂರೋಕೆ ಮುಂಚೇನೇ ಆಟ ಮುಗೀತು. ಸುತ್ತು ದಾರಿ ಆದ್ರೂ ಪರವಾಗಿಲ್ಲ, ಜಿಂಕೆ ಓಡಾಡೋ ದಾರಿ ದಾಟದೆ ಹೋಗಿ, ತೊರೆ ಇದ್ರೆ ನೀರಲ್ಲೇ ನಡೀರಿ, ಪೊದೆ ಕೊಂಬೆ ಬರಿಗೈಯಲ್ಲಿ ಸರಿಸಬೇಡಿ. ರಬ್ಬರ್ ಬೂಟು ಹಾಕೋದು ಅದಕ್ಕೇ, ಚರ್ಮದ ಬೂಟಿನ ಥರ ವಾಸನೆ ಹೀರ್ಕೊಳ್ಳಲ್ಲ, ಪ್ಯಾಂಟು ಬೂಟಿನ ಒಳಗೆ ಸೇರಿಸಿ. ಬೇಗ ಬೇಗ ನಡೆದು ಬೆವರಬೇಡಿ, ದಪ್ಪ ಜಾಕೆಟ್ ಚೀಲದಲ್ಲಿಟ್ಕೊಂಡು ತೆಳು ಬಟ್ಟೇಲಿ ನಿಧಾನಕ್ಕೆ ಹೋಗಿ ಅಲ್ಲಿ ಹಾಕ್ಕೊಳ್ಳಿ, ಇದಕ್ಕೆ ಕಾಸೂ ಖರ್ಚಿಲ್ಲ, ಸ್ಪ್ರೇಗಿಂತ ಜಾಸ್ತಿ ಉಪಯೋಗ.

ಬಟ್ಟೆ ವಿಷ್ಯಕ್ಕೆ ಜಾಸ್ತಿ ತಲೆ ಕೆಡಿಸ್ಕೊಳ್ಳೋದು ಬೇಡ. ಪರಿಮಳ ಇಲ್ಲದ ಡಿಟರ್ಜೆಂಟಲ್ಲಿ ಒಗೀರಿ, ಅದ್ರಲ್ಲಿ ಬಟ್ಟೆ ಹೊಳೆಯೋ ಹಾಗೆ ಮಾಡೋ ಬ್ರೈಟ್ನರ್ ಇರಬಾರದು, ಯಾಕಂದ್ರೆ ಜಿಂಕೆ ಕಣ್ಣಿಗೆ ನೀಲಿ ಮತ್ತು ಅದರಾಚೆಯ ಅಲ್ಟ್ರಾವಯಲೆಟ್ ಬೆಳಕು ನಮಗಿಂತ ಚೆನ್ನಾಗಿ ಕಾಣುತ್ತೆ. ಬಯಲಲ್ಲಿ ಒಣಗಿಸಿ, ಮುಚ್ಚಳ ಗಟ್ಟಿ ಇರೋ ಡಬ್ಬೀಲಿ ಇಡಿ, ಕಾಡು ಹತ್ರ ಹೋದ ಮೇಲೇ ಹಾಕ್ಕೊಳ್ಳಿ. ಬೇಟೆ ಬಟ್ಟೆ ಹಾಕ್ಕೊಂಡು ಪೆಟ್ರೋಲ್ ತುಂಬಿಸೋದು, ತಿಂಡಿ ಮಾಡೋದು, ನಾಯಿ ಜೊತೆ ಕಾರಲ್ಲಿ ಬರೋದು ಮಾಡಿದ್ರೆ ಒಗೆದಿದ್ದು ದಂಡ. ಸ್ನಾನಕ್ಕೂ ಪರಿಮಳ ಇಲ್ಲದ ಸೋಪು, ತಲೆಗೂ ಅದೇ. ಟೋಪಿ ಒಗೆಯೋದು ಮಾತ್ರ ಎಲ್ರೂ ಮರೀತಾರೆ.

ಇನ್ನು ದುಬಾರಿ ಸಾಮಾನು. ಕಾರ್ಬನ್ ಸೂಟಿನ ಹಿಂದಿರೋ ವಿಜ್ಞಾನ ಸುಳ್ಳಲ್ಲ, ಆ್ಯಕ್ಟಿವೇಟೆಡ್ ಕಾರ್ಬನ್ ವಾಸನೆ ಕಣ ಹಿಡಿದಿಟ್ಕೊಳ್ಳುತ್ತೆ ನಿಜ, ಆದ್ರೆ ತುಂಬಿದ ಮೇಲೆ ಅದನ್ನ ಮತ್ತೆ ಪೂರ್ತಿ ಖಾಲಿ ಮಾಡೋಕೆ ಫ್ಯಾಕ್ಟರೀಲಿ 700, 800 ಡಿಗ್ರಿ ಸೆಲ್ಸಿಯಸ್ ಮೇಲೆ ಕಾಯಿಸ್ತಾರೆ, ಮನೆ ಡ್ರೈಯರ್‌ನಿಂದ ಅಷ್ಟೆಲ್ಲ ಆಗಲ್ಲ, ಸ್ವಲ್ಪ ಮಟ್ಟಿಗೆ ಆಗಬಹುದು. ಜೊತೆಗೆ ಮುಖ ಕೈ ಉಸಿರು ಎಲ್ಲ ಹೊರಗೇ ಇದೆಯಲ್ಲ. 2002ರಲ್ಲಿ ಪ್ರಕಟ ಆದ ಒಂದು ಅಧ್ಯಯನದಲ್ಲಿ ಇಂಥ ಬಟ್ಟೆ ಹಾಕಿದೋರನ್ನೂ ಹಾಕದೋರನ್ನೂ ಬಚ್ಚಿಟ್ಟು ಹುಡುಕೋ ನಾಯಿಗಳನ್ನ ಬಿಟ್ಟಿದ್ರು, ನಾಯಿಗಳು ಹೆಚ್ಚುಕಮ್ಮಿ ಎಲ್ಲರನ್ನೂ ಪತ್ತೆ ಹಚ್ಚಿದ್ವು. ನಾಯಿ ಬೇರೆ ಜಿಂಕೆ ಬೇರೆ ಒಪ್ಪೋಣ, ಆದ್ರೂ ನನಗೆ ಅದು ಸಾಕಷ್ಟು ಉತ್ತರ. ಓಝೋನ್ ವಾಸನೆ ಕಣಗಳನ್ನ ಒಡೆಯುತ್ತೆ, ಡಬ್ಬಿಯೊಳಗೆ ಬಟ್ಟೆಗೆ ಬಿಟ್ರೆ ಉಪಯೋಗ ಇದೆ, ಆದ್ರೆ ಅದೇ ಓಝೋನ್ ಅನಿಲ ನಿಮ್ಮ ಶ್ವಾಸಕೋಶಕ್ಕೂ ಕೆಟ್ಟದ್ದು, ರಬ್ಬರ್ರೂ ಹಾಳಾಗುತ್ತೆ, ಹಾಗಾಗಿ ಮುಚ್ಚಿದ ಬ್ಲೈಂಡಲ್ಲಿ (ಬೇಟೆಗಾರ ಅಡಗಿ ಕೂರೋ ಗುಡಾರದಂಥ ಮರೆ) ಆ ಮೆಷಿನ್ ಪಕ್ಕದಲ್ಲಿಟ್ಕೊಂಡು ಕೂರೋದು ದಯವಿಟ್ಟು ಮಾಡ್ಬೇಡಿ. ಬ್ಲೈಂಡಲ್ಲಿ ಬೇಟೆ ಆಡೋರು ಗಾಳಿ ಹೊರಗೆ ಹೋಗೋ ಕಡೆ ಕಿಟಕಿ ಮುಚ್ಚಿದ್ರೆ ವಾಸನೆ ಸೋರೋದು ಎಷ್ಟೋ ಕಮ್ಮಿ ಆಗುತ್ತೆ, ಅದು ಬಿಟ್ಟಿ.

ಬೇರೆ ವಾಸನೆ ಹಚ್ಚಿ ಮುಚ್ಚೋದು, ಅಂದ್ರೆ ಪೈನ್ ಎಣ್ಣೆ, ನರಿ ಮೂತ್ರ, ಇದ್ರಲ್ಲಿ ನನಗೆ ನಂಬಿಕೆ ಇಲ್ಲ, ಜಿಂಕೆ ಮೂಗು ಎರಡನ್ನೂ ಬೇರೆ ಬೇರೆಯಾಗೇ ಹಿಡಿಯುತ್ತೆ ಅಂತಲೇ ನನ್ನ ಅಭಿಪ್ರಾಯ.

ಇದೆಲ್ಲ ಬಿಲ್ಲಿನ ಬೇಟೆಗೆ ಜಾಸ್ತಿ ಅನ್ವಯ, 20, 30 ಗಜದ ಒಳಗೆ ಜಿಂಕೆ ಬರಬೇಕು, ಅಷ್ಟು ಹತ್ರ ಬಂದಾಗ ಸಣ್ಣ ತಪ್ಪಿಗೂ ಕ್ಷಮೆ ಇಲ್ಲ. ರೈಫಲ್ ಹಿಡಿದು ಬಯಲಲ್ಲಿ ನೂರಿನ್ನೂರು ಗಜ ದೂರದಿಂದ ಹೊಡೆಯೋರು ಗಾಳಿ ದಿಕ್ಕು ಒಂದು ಸರಿ ನೋಡ್ಕೊಂಡ್ರೆ ಸೋಪು ಸ್ಪ್ರೇ ಬಗ್ಗೆ ನಿದ್ದೆ ಕೆಡಿಸ್ಕೊಬೇಕಿಲ್ಲ. ಹಾಗೇ ಊರಂಚಲ್ಲಿ ದಿನಾ ಜನರ ವಾಸನೇಲೇ ಬೆಳೆದ ಜಿಂಕೆ ಸ್ವಲ್ಪ ಸಹಿಸ್ಕೊಳ್ಳುತ್ತೆ, ಬೇಟೆ ಜಾಸ್ತಿ ಆಡೋ ಕಾಡಿನದ್ದು ಒಂಚೂರೂ ಸಹಿಸಲ್ಲ.

ಕೊನೇದಾಗಿ ಬೆದೆಗೆ ಬಂದ ಹೆಣ್ಣು ಜಿಂಕೆ ಮೂತ್ರದ ಬಾಟ್ಲಿ. ಗಂಡು ಜಿಂಕೆ ಅದನ್ನ ಮೂಸಿ ಮೇಲ್ದುಟಿ ಮಡಚಿ ನಿಲ್ಲೋದು ನಿಜ, ಕೆಲವು ದಿನ ಕೆಲಸ ಮಾಡುತ್ತೆ. ಆದ್ರೆ ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಅಂತ ಜಿಂಕೆಗಳ ಮೆದುಳು ತಿನ್ನೋ ರೋಗ ಇದೆ, 1967ರಲ್ಲಿ ಕೊಲೊರಾಡೋದಲ್ಲಿ ಮೊದಲು ಕಂಡಿದ್ದು, ಅದನ್ನ ಹರಡೋ ಪ್ರಿಯಾನ್ (ರೂಪ ಕೆಟ್ಟ ಒಂದು ಬಗೆ ಪ್ರೋಟೀನ್) ಮೂತ್ರದಲ್ಲೂ ಇರುತ್ತೆ, ಮಣ್ಣಲ್ಲಿ ಸೇರಿದ್ರೆ ವರ್ಷಗಟ್ಟಲೆ ಉಳಿಯುತ್ತೆ. ಅದಕ್ಕೇ ಅಮೆರಿಕದ ಹಲವು ರಾಜ್ಯಗಳು ನಿಜವಾದ ಜಿಂಕೆ ಮೂತ್ರ ಬಳಸೋದನ್ನ ನಿಷೇಧಿಸಿವೆ. ನಿಮ್ಮ ರಾಜ್ಯದ ಆ ವರ್ಷದ ನಿಯಮ ಓದಿ, ಬೇಕೇ ಬೇಕು ಅಂದ್ರೆ ಸಿಂಥೆಟಿಕ್ ತಗೊಳ್ಳಿ, ಅದನ್ನೂ ನೀವು ಕೂತ ಮರದ ಬುಡಕ್ಕೆ ಹಾಕಬೇಡಿ, ಅದ್ರ ವಾಸನೆ ಹಿಡಿದು ಬರೋ ಜಿಂಕೆ ನಿಮ್ಮ ವಾಸನೆ ಸಿಗೋ ಮುಂಚೇನೇ ಬಾಣದ ಅಳತೆಗೆ ಬರೋ ಹಾಗೆ ಗಾಳಿಗೆ ಅಡ್ಡವಾಗಿ ಪಕ್ಕದಲ್ಲಿ ಇಡಿ.