ಹಳೆಯ ಇಮೇಲ್ ತಂತ್ರಾಂಶಕ್ಕೆ ಬದಲಿಯನ್ನು ಆರಿಸುವ ಮುನ್ನ

ವಿಂಡೋಸ್ ಲೈವ್ ಮೇಲ್ ತಂತ್ರಾಂಶಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಬೆಂಬಲ 2017ರ ಜನವರಿ 10ರಂದೇ ನಿಂತಿತು. ಅದಕ್ಕಿಂತ ಹಿಂದಿನ ಔಟ್‌ಲುಕ್ ಎಕ್ಸ್‌ಪ್ರೆಸ್‌ನ ಕಾಲ 2014ರ ಏಪ್ರಿಲ್‌ನಲ್ಲಿ ವಿಂಡೋಸ್ ಎಕ್ಸ್‌ಪಿಯ ಜೊತೆಯಲ್ಲಿಯೇ ಮುಗಿಯಿತು. ಆದರೂ ವಕೀಲರ ಕಚೇರಿಗಳಲ್ಲಿ, ಸಣ್ಣ ಮುದ್ರಣಾಲಯಗಳಲ್ಲಿ, ನಿವೃತ್ತ ಅಧ್ಯಾಪಕರ ಮನೆಗಳಲ್ಲಿ ಇವುಗಳನ್ನೇ ನೆಚ್ಚಿಕೊಂಡವರನ್ನು ನಾನು ಇಂದಿಗೂ ಕಾಣುತ್ತೇನೆ. ಅವರದು ಹಟವಲ್ಲ, ಹತ್ತು ಹದಿನೈದು ವರ್ಷಗಳ ಪತ್ರವ್ಯವಹಾರವೆಲ್ಲ ಅದರೊಳಗೆ ಇದೆ, ಅದನ್ನು ಕೈಬಿಡುವುದು ಹೇಗೆಂಬ ಅಳುಕು ಅಷ್ಟೇ.

ಒಂದು ಬೆಳಿಗ್ಗೆ ಆ ತಂತ್ರಾಂಶ ಪಾಸ್‌ವರ್ಡ್ ಕೇಳಲು ಶುರುಮಾಡುತ್ತದೆ. ಸರಿಯಾದ ಪಾಸ್‌ವರ್ಡ್ ಕೊಟ್ಟರೂ ಅದೇ ಚೌಕ ಮತ್ತೆ ಮತ್ತೆ ಎದುರಿಗೆ ಬರುತ್ತದೆ. ತಪ್ಪು ನಿಮ್ಮದಲ್ಲ. ಹೆಸರು ಮತ್ತು ಪಾಸ್‌ವರ್ಡ್ ಎರಡನ್ನೇ ಕೊಟ್ಟು ಒಳಬರುವ ಹಳೆಯ ಪದ್ಧತಿಯನ್ನು ಜಿಮೇಲ್ ತನ್ನ ಸಾಮಾನ್ಯ ಖಾತೆಗಳಿಗೆ 2022ರ ಮೇ 30ರಿಂದ ನಿಲ್ಲಿಸಿತು. ಮೈಕ್ರೋಸಾಫ್ಟ್ ತನ್ನ ಔಟ್‌ಲುಕ್ ಡಾಟ್ ಕಾಮ್ ಖಾತೆಗಳಿಗೆ 2024ರ ಸೆಪ್ಟೆಂಬರ್ 16ರಿಂದ ನಿಲ್ಲಿಸಿತು. ಈಗ ಒಳಬರಬೇಕಾದರೆ ಸಾಮಾನ್ಯವಾಗಿ ಓಆತ್ ಎಂಬ ಪದ್ಧತಿಯನ್ನು ಅನುಸರಿಸಬೇಕು. ಅದರಲ್ಲಿ ಖಾತೆಯ ಸಂಸ್ಥೆಯೇ ತನ್ನ ಪುಟವನ್ನು ತೆರೆದು, ನಿಮ್ಮನ್ನು ಗುರುತಿಸಿ, ತಂತ್ರಾಂಶಕ್ಕೆ ಒಂದು ಪರವಾನಗಿಯನ್ನು ಕೊಡುತ್ತದೆ. ಪಾಸ್‌ವರ್ಡ್ ತಂತ್ರಾಂಶದ ಕೈಗೆ ಹೋಗುವುದಿಲ್ಲ. ಹಳೆಯ ತಂತ್ರಾಂಶಗಳಿಗೆ ಈ ಪದ್ಧತಿ ಗೊತ್ತಿಲ್ಲ. ಆದ್ದರಿಂದ ಬದಲಾವಣೆ ಬಹುಮಟ್ಟಿಗೆ ಅನಿವಾರ್ಯ.

ಈ ಹಂತದಲ್ಲಿ ಎಲ್ಲರೂ ಕೇಳುವ ಪ್ರಶ್ನೆ, ಯಾವ ತಂತ್ರಾಂಶ ಒಳ್ಳೆಯದು ಎಂಬುದು. ಅದಕ್ಕಿಂತ ಮೊದಲು, ನನ್ನ ಪತ್ರಗಳು ಈಗ ಎಲ್ಲಿವೆ ಎಂದು ಕೇಳಿಕೊಳ್ಳಬೇಕೆಂದು ನಾನು ಒತ್ತಿ ಹೇಳುತ್ತೇನೆ. ಇದಕ್ಕೆ ಕಾರಣವಿದೆ. ನಮ್ಮ ಸೋದರಮಾವ ಅಕ್ಕಿ ಗಿರಣಿಯ ವ್ಯವಹಾರವನ್ನೆಲ್ಲ ಇಮೇಲ್‌ನಲ್ಲಿಯೇ ನಡೆಸುತ್ತಿದ್ದರು. ಕಂಪ್ಯೂಟರ್ ನಿಧಾನವಾಯಿತೆಂದು ರಿಪೇರಿಗೆ ಕೊಟ್ಟಾಗ, ಮೇಲ್ ಎಲ್ಲವೂ ಸರ್ವರ್‌ನಲ್ಲಿ, ಅಂದರೆ ಇಮೇಲ್ ಸಂಸ್ಥೆಯ ಕಂಪ್ಯೂಟರಿನಲ್ಲಿ, ಇದ್ದೇ ಇರುತ್ತದೆ ಎಂದು ಭಾವಿಸಿದ ಅಂಗಡಿಯವರು ಡಿಸ್ಕನ್ನು ಫಾರ್ಮ್ಯಾಟ್ ಮಾಡಿಬಿಟ್ಟರು. ಪತ್ರಗಳು ಸರ್ವರ್‌ನಲ್ಲಿ ಇರಲಿಲ್ಲ. ಎಂಟು ವರ್ಷಗಳ ದರಪಟ್ಟಿ, ಲಾರಿ ರಸೀದಿ, ಒಪ್ಪಂದಗಳೆಲ್ಲ ಅರ್ಧ ಗಂಟೆಯಲ್ಲಿ ಹೋದವು. ಆ ದಿನ ಮಾವನವರು ಮಾತಿಲ್ಲದೆ ಕುಳಿತಿದ್ದುದು ನನಗೆ ಇನ್ನೂ ನೆನಪಿದೆ.

ಅವರ ಖಾತೆ ಪಾಪ್ ವಿಧಾನದ್ದಾಗಿತ್ತು. ಪಾಪ್ ವಿಧಾನದಲ್ಲಿ ತಂತ್ರಾಂಶವು ಸರ್ವರ್‌ನಿಂದ ಪತ್ರವನ್ನು ಇಳಿಸಿಕೊಂಡು, ಪ್ರತಿಯನ್ನು ಅಲ್ಲಿಯೇ ಬಿಡಬೇಕೆಂದು ನೀವು ಹೇಳಿರದಿದ್ದರೆ, ಸರ್ವರ್‌ನಲ್ಲಿರುವುದನ್ನು ಅಳಿಸಿಬಿಡುತ್ತದೆ. ಐಮ್ಯಾಪ್ ವಿಧಾನದಲ್ಲಿ ಪತ್ರದ ಮೂಲ ಸರ್ವರ್‌ನಲ್ಲಿಯೇ ಉಳಿಯುತ್ತದೆ, ಕಂಪ್ಯೂಟರ್‌ನಲ್ಲಿ ಕಾಣುವುದು ಅದರ ಪ್ರತಿ. ನಿಮ್ಮದು ಯಾವುದೆಂದು ತಿಳಿಯಲು ವಿಂಡೋಸ್ ಲೈವ್ ಮೇಲ್‌ನಲ್ಲಿ ಖಾತೆಯ ಹೆಸರಿನ ಮೇಲೆ ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆದು, ಸರ್ವರ್ಸ್ ಎಂಬ ಪುಟವನ್ನು ನೋಡಬೇಕು. ಒಳಬರುವ ಮೇಲ್‌ನ ಸಾಲಿನಲ್ಲಿ ಪಾಪ್3 ಎಂದಿದ್ದರೆ, ಪತ್ರಗಳು ನಿಮ್ಮ ಡಿಸ್ಕಿನಲ್ಲಿ ಮಾತ್ರ ಇವೆಯೆಂದೇ ಭಾವಿಸಿ ಮುಂದುವರಿಯಿರಿ. ಐಮ್ಯಾಪ್ ಇದ್ದವರಿಗೆ ಅರ್ಧ ಕೆಲಸ ಆಗಲೇ ಮುಗಿದಂತೆ: ಹೊಸ ತಂತ್ರಾಂಶದಲ್ಲಿ ಖಾತೆಯನ್ನು ಸೇರಿಸಿದರೆ ಸರ್ವರ್‌ನಲ್ಲಿರುವ ಪತ್ರಗಳು ತಾವಾಗಿ ಬರುತ್ತವೆ. ಆದರೆ ಸ್ಟೋರೇಜ್ ಫೋಲ್ಡರ್ಸ್ ಎಂಬ ಹೆಸರಿನಡಿ ನೀವೇ ಎತ್ತಿಟ್ಟ ಪತ್ರಗಳಿದ್ದರೆ, ಅವು ಐಮ್ಯಾಪ್ ಇದ್ದರೂ ಡಿಸ್ಕಿನಲ್ಲಿ ಮಾತ್ರ ಇರುತ್ತವೆ ಎಂಬುದನ್ನು ಮರೆಯಬಾರದು.

ಡಿಸ್ಕಿನಲ್ಲಿ ಅವು ಇರುವ ರೂಪವನ್ನೂ ತಿಳಿದಿರಬೇಕು. ಔಟ್‌ಲುಕ್ ಎಕ್ಸ್‌ಪ್ರೆಸ್ ಒಂದೊಂದು ಫೋಲ್ಡರಿಗೆ ಒಂದೊಂದು ಡಿಬಿಎಕ್ಸ್ ಕಡತವನ್ನು ಮಾಡುತ್ತದೆ. ಅಂಥ ಕಡತ 2 ಜಿಬಿಯ ಹತ್ತಿರ ಬಂದಾಗ ಕೆಡುವ ಸಂಭವ ಹೆಚ್ಚು. ವಿಂಡೋಸ್ ಲೈವ್ ಮೇಲ್ ಪ್ರತಿ ಪತ್ರವನ್ನೂ ಬೇರೆ ಬೇರೆ ಇಎಂಎಲ್ ಕಡತವಾಗಿ, ಸಾಮಾನ್ಯವಾಗಿ ಕಣ್ಣಿಗೆ ಬೀಳದ ಆಪ್‌ಡೇಟಾ ಫೋಲ್ಡರಿನೊಳಗೆ ಇಡುತ್ತದೆ. ಅಂಥ ಒಂದು ಕಡತವನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿ. ಯಾರಿಂದ, ಯಾರಿಗೆ, ಯಾವ ದಿನ, ಯಾವ ವಿಷಯ ಎಂಬ ಸಾಲುಗಳು ಮೇಲೆ ಸರಳವಾಗಿ ಕಾಣುತ್ತವೆ. ಕೆಳಗೆ ಕನ್ನಡದ ಪತ್ರವಿದ್ದ ಕಡೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಉದ್ದನೆಯ ಕಂತೆ ಕಂಡರೆ ಗಾಬರಿಯಾಗಬೇಕಿಲ್ಲ. ಅದು ಸಾಗಾಟಕ್ಕೆಂದು ಮಾಡಿದ ಕಟ್ಟು, ಇಮೇಲ್ ತಂತ್ರಾಂಶ ಅದನ್ನು ಬಿಚ್ಚಿ ಕನ್ನಡವಾಗಿಯೇ ತೋರಿಸುತ್ತದೆ. ಇಎಂಎಲ್ ಬಹುತೇಕ ಇಮೇಲ್ ತಂತ್ರಾಂಶಗಳಿಗೆ ಅರ್ಥವಾಗುವ ರೂಪವಾದ್ದರಿಂದ ವಿಂಡೋಸ್ ಲೈವ್ ಮೇಲ್ ಬಳಸಿದವರು ಅದೃಷ್ಟವಂತರೆಂದೇ ಹೇಳಬೇಕು. ಏನನ್ನೂ ಮುಟ್ಟುವ ಮೊದಲು ಆ ಇಡೀ ಫೋಲ್ಡರನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿ, ಆ ಡಿಸ್ಕನ್ನು ಕಂಪ್ಯೂಟರಿನಿಂದ ಬಿಡಿಸಿ ತೆಗೆದಿಡಿ.

ಇನ್ನು ಆಯ್ಕೆ. ನಾನು ಹೊಸ ತಂತ್ರಾಂಶವನ್ನು ಅಳೆಯುವುದು ಮುಖ್ಯವಾಗಿ ಎರಡು ಮಾತುಗಳಿಂದ: ಹಳೆಯ ಪತ್ರಗಳನ್ನು ಅದು ಒಳಗೆ ತೆಗೆದುಕೊಳ್ಳುತ್ತದೆಯೇ, ಮತ್ತು ನಾಳೆ ಅದೂ ಹಳೆಯದಾದಾಗ ಅವುಗಳನ್ನು ಇಡಿಯಾಗಿ ಹೊರಗೆ ಕೊಡುತ್ತದೆಯೇ. ಎರಡನೆಯದನ್ನು ಜನ ಕೇಳುವುದೇ ಇಲ್ಲ. ಬಣ್ಣ, ವಿನ್ಯಾಸ, ಕ್ಯಾಲೆಂಡರ್ ಎಲ್ಲ ಆಮೇಲಿನ ಮಾತು.

ಈ ಎರಡು ಅಳತೆಗಳಿಗೂ ಚೆನ್ನಾಗಿ ಒಗ್ಗುವುದು ಥಂಡರ್‌ಬರ್ಡ್. 2004ರಲ್ಲಿ ಮೊದಲ ಪೂರ್ಣ ಆವೃತ್ತಿ ಬಂದ ಈ ತಂತ್ರಾಂಶ ಉಚಿತವಾದುದು, ಮುಕ್ತ ಮೂಲದ್ದು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ, ಪಾಪ್ ಮತ್ತು ಐಮ್ಯಾಪ್ ಎರಡನ್ನೂ ಬಲ್ಲದು, ಜಿಮೇಲ್‌ನ ಓಆತ್ ಪುಟವನ್ನು ತಾನೇ ತೆರೆಯುತ್ತದೆ. ಪತ್ರಗಳನ್ನು ಎಂಬಾಕ್ಸ್ ಎಂಬ ಬಹಳ ಹಳೆಯ, ಸರಳ ಪಠ್ಯದ ರೂಪದಲ್ಲಿ ಇಡುವುದರಿಂದ ಮುಂದೆ ಯಾವ ತಂತ್ರಾಂಶಕ್ಕೆ ಹೋದರೂ ದಾರಿ ಇರುತ್ತದೆ. ಖಾತೆ, ಪತ್ರ, ವಿಳಾಸಗಳೆಲ್ಲ ಪ್ರೊಫೈಲ್ ಎಂಬ ಒಂದೇ ಫೋಲ್ಡರಿನಲ್ಲಿ ಇರುವುದರಿಂದ ಅದನ್ನು ನಕಲು ಮಾಡಿದರೆ ಬ್ಯಾಕಪ್ ಆದಂತೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದ ಮೇಲೆ ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿಸಿಕೊಳ್ಳುವವರು ಆ ಪ್ರೊಫೈಲನ್ನೇ ಅಲ್ಲಿಗೂ ಒಯ್ಯಬಹುದು. ಒಂದು ಎಚ್ಚರಿಕೆ: ವಿಂಡೋಸ್ 7 ಮತ್ತು 8.1ರಲ್ಲಿ 115ನೇ ಆವೃತ್ತಿಯೇ ಕೊನೆಯದು, ಮುಂದಿನವು ಅಲ್ಲಿ ನಡೆಯುವುದಿಲ್ಲ.

ವಿಂಡೋಸ್ ಜೊತೆಗೆ ಬರುವ ಹೊಸ ಔಟ್‌ಲುಕ್ ಕೈಗೆ ಸುಲಭವಾಗಿ ಸಿಗುತ್ತದೆ, ಅದರಿಂದಾಗಿ ಬಹಳ ಜನ ಅದನ್ನೇ ಒಪ್ಪಿಕೊಳ್ಳುತ್ತಾರೆ. ಆದರೆ ಜಿಮೇಲ್‌ನಂಥ ಬೇರೆ ಖಾತೆಯನ್ನು ಅದಕ್ಕೆ ಸೇರಿಸಿದಾಗ ಆ ಪತ್ರಗಳ ಪ್ರತಿ ಮೈಕ್ರೋಸಾಫ್ಟ್‌ನ ಕ್ಲೌಡಿಗೂ ಹೋಗುತ್ತದೆ. ಕಕ್ಷಿದಾರರ ಗುಟ್ಟು ಕಾಯಬೇಕಾದ ವಕೀಲರೂ ಲೆಕ್ಕಪರಿಶೋಧಕರೂ ಇದನ್ನು ಯೋಚಿಸಿಯೇ ಒಪ್ಪಬೇಕು. ಆಫೀಸ್ ಜೊತೆಗೆ ಬರುವ ಹಳೆಯ ಮಾದರಿಯ ಔಟ್‌ಲುಕ್ ಗಟ್ಟಿಯಾದ ತಂತ್ರಾಂಶ, ಕಚೇರಿಯಲ್ಲಿ ಎಕ್ಸ್‌ಚೇಂಜ್ ಎಂಬ ಮೈಕ್ರೋಸಾಫ್ಟ್‌ನ ಮೇಲ್ ಸರ್ವರ್ ಇದ್ದವರಿಗೆ ಅದೇ ಸರಿ, ಆದರೆ ಹಣ ಕೊಡಬೇಕು. ಇಎಂ ಕ್ಲೈಂಟ್ ಎಂಬ ಇನ್ನೊಂದು ತಂತ್ರಾಂಶ ನೋಡಲು ಚೆನ್ನಾಗಿದೆ. ಅದು ಉಚಿತವಾಗಿರುವುದು ಮನೆಬಳಕೆಗೆ ಮಾತ್ರ. ದಿನಕ್ಕೆ ನಾಲ್ಕಾರು ಪತ್ರ ಬರುವವರಿಗೆ ಬ್ರೌಸರ್‌ನಲ್ಲಿ ಜಿಮೇಲ್ ತೆರೆದರೂ ಸಾಕು.

ಕನ್ನಡದಲ್ಲಿ ಬರೆದವರಿಗೆ ಇನ್ನೊಂದು ತೊಡಕು ಇದೆ. ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಯೂನಿಕೋಡ್ ಬಳಕೆಗೆ ಬರುವ ಮೊದಲು ನುಡಿ ಅಥವಾ ಬರಹದ ಫಾಂಟಿನಲ್ಲಿ ಟೈಪಿಸಿ ಕಳಿಸಿದ ಪತ್ರಗಳು ನಿಜವಾಗಿ ಕನ್ನಡ ಅಕ್ಷರಗಳಲ್ಲ. ರೋಮನ್ ಅಕ್ಷರಗಳ ಸಂಕೇತಗಳಿಗೆ ಫಾಂಟು ಕನ್ನಡದ ವೇಷ ತೊಡಿಸಿತ್ತು. ಹೊಸ ಕಂಪ್ಯೂಟರಿನಲ್ಲಿ ಆ ಫಾಂಟು ಇಲ್ಲದಿದ್ದಾಗ ತಲೆಯ ಮೇಲೆ ಗೆರೆ, ಚುಕ್ಕೆ ಹೊತ್ತ ವಿಚಿತ್ರ ರೋಮನ್ ಅಕ್ಷರಗಳು ಕಾಣುತ್ತವೆ. ಪತ್ರ ಕೆಟ್ಟಿಲ್ಲ. ಆ ಫಾಂಟನ್ನು ಹೊಸ ಕಂಪ್ಯೂಟರಿನಲ್ಲಿಯೂ ಸ್ಥಾಪಿಸಿದರೆ, ಫಾಂಟಿನ ಹೆಸರನ್ನು ತನ್ನೊಳಗೆ ಇಟ್ಟುಕೊಂಡ ಪತ್ರಗಳು ಮತ್ತೆ ಕನ್ನಡವಾಗಿ ತೋರುತ್ತವೆ. ಉಳಿದವನ್ನು ನುಡಿ, ಬರಹಗಳೊಂದಿಗೆ ಬರುವ ಪರಿವರ್ತಕದಲ್ಲಿ ಯೂನಿಕೋಡ್ ಮಾಡಿಕೊಳ್ಳಬಹುದು. ಮೂಲ ಪತ್ರವನ್ನು ಮಾತ್ರ ಹಾಗೆಯೇ ಬಿಡಿ, ಪರಿವರ್ತಿಸಿದ್ದನ್ನು ಬೇರೆ ಇಡಿ. ಇಂಥ ಪತ್ರಗಳು ಕನ್ನಡದಲ್ಲಿ ಹುಡುಕಿದರೆ ಸಿಗುವುದಿಲ್ಲವಾದ್ದರಿಂದ ಅವುಗಳಿಗೆ ಒಂದು ಪ್ರತ್ಯೇಕ ಫೋಲ್ಡರ್ ಮಾಡಿ ಇಸವಿಯ ಹೆಸರಿಡುವುದು ನನ್ನ ರೂಢಿ.

ವಿಳಾಸಪಟ್ಟಿಯನ್ನು ಸಿಎಸ್‌ವಿ ಎಂಬ, ಅಲ್ಪವಿರಾಮಗಳಿಂದ ಬೇರ್ಪಡಿಸಿದ ಸರಳ ಪಠ್ಯದ ರೂಪದಲ್ಲಿ ತೆಗೆದಾಗಲೂ ಕನ್ನಡದಲ್ಲಿ ಬರೆದ ಹೆಸರುಗಳು ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿ ಬರಬಹುದು. ಆ ಕಡತವನ್ನು ಒಮ್ಮೆ ತೆರೆದು ನೋಡಿಯೇ ಮುಂದೆ ಹೋಗಿ.

ಸಾಗಿಸುವ ಕೆಲಸವನ್ನು ಒಂದು ಸಣ್ಣ ಫೋಲ್ಡರಿನಿಂದ ಆರಂಭಿಸಬೇಕು. ಥಂಡರ್‌ಬರ್ಡ್‌ಗೆ ಇಂಪೋರ್ಟ್‌ಎಕ್ಸ್‌ಪೋರ್ಟ್‌ಟೂಲ್ಸ್ ಎನ್‌ಜಿ ಎಂಬ ಆಡ್‌ಆನ್ (ಹೆಚ್ಚುವರಿ ಸೌಲಭ್ಯ) ಹಾಕಿ, ಪತ್ರಗಳನ್ನು ನಿಮ್ಮ ಡಿಸ್ಕಿನಲ್ಲಿಯೇ ಇಡುವ ಲೋಕಲ್ ಫೋಲ್ಡರ್ಸ್ ಅಡಿಯಲ್ಲಿ ಹೊಸದೊಂದು ಫೋಲ್ಡರ್ ಮಾಡಿ, ಅದರ ಮೇಲೆ ಬಲ ಕ್ಲಿಕ್ ಮಾಡಿ ಇಎಂಎಲ್ ಕಡತಗಳಿರುವ ಜಾಗವನ್ನು ತೋರಿಸಿದರೆ ಪತ್ರಗಳು ಒಳಗೆ ಬರುತ್ತವೆ. ಒಳಫೋಲ್ಡರುಗಳನ್ನೂ ಸೇರಿಸಿ ತರುವ ಆಯ್ಕೆ ಅದರಲ್ಲಿದೆ. ಔಟ್‌ಲುಕ್ ಎಕ್ಸ್‌ಪ್ರೆಸ್ ಇದ್ದವರು, ಅದು ಇನ್ನೂ ತೆರೆಯುತ್ತಿದ್ದರೆ, ಒಂದು ಫೋಲ್ಡರಿನ ಪತ್ರಗಳನ್ನೆಲ್ಲ ಆರಿಸಿ ಡೆಸ್ಕ್‌ಟಾಪಿನ ಖಾಲಿ ಫೋಲ್ಡರಿಗೆ ಎಳೆದು ಬಿಡಬೇಕು. ಪ್ರತಿ ಪತ್ರವೂ ಇಎಂಎಲ್ ಆಗಿ ಇಳಿಯುತ್ತದೆ. ಎರಡರಲ್ಲೂ ಎಣಿಕೆಯನ್ನು ತಾಳೆ ನೋಡಬೇಕು: ಹಳೆಯದರಲ್ಲಿ 412 ಪತ್ರಗಳಿದ್ದರೆ ಹೊಸದರಲ್ಲೂ 412 ಇರಬೇಕು. ಬಳಿಕ ಹಳೆಯದೊಂದು, ನಡುವಿನದೊಂದು, ಇತ್ತೀಚಿನದೊಂದು ಪತ್ರವನ್ನು ತೆರೆದು, ಲಗತ್ತುಗಳು ತೆರೆಯುತ್ತವೆಯೇ, ದಿನಾಂಕ ಸರಿಯಿದೆಯೇ ಎಂದು ನೋಡಿ.

ಹಳೆಯ ಪತ್ರಗಳನ್ನೆಲ್ಲ ಜಿಮೇಲ್‌ಗೆ ಏರಿಸಬೇಕೆ ಎಂದು ಕೆಲವರು ಕೇಳುತ್ತಾರೆ. ಅಲ್ಲಿನ 15 ಜಿಬಿ ಉಚಿತ ಜಾಗವನ್ನು ಡ್ರೈವ್ ಮತ್ತು ಫೋಟೋಗಳೂ ಹಂಚಿಕೊಳ್ಳುವುದರಿಂದ, ಹಳೆಯದನ್ನು ಲೋಕಲ್ ಫೋಲ್ಡರಿನಲ್ಲಿಯೇ ಇಟ್ಟು ಎರಡು ಕಡೆ ಬ್ಯಾಕಪ್ ಮಾಡಿ, ಹೊಸ ಪತ್ರಗಳಿಗೆ ಮಾತ್ರ ಐಮ್ಯಾಪ್ ಬಳಸುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ಎಣಿಕೆ ಸರಿಹೊಂದಿದ ಮೇಲೂ ಹಳೆಯ ತಂತ್ರಾಂಶವನ್ನು ತೆಗೆದುಹಾಕಲು ಅವಸರ ಬೇಡ. ಅದರ ಖಾತೆಯಲ್ಲಿ ಪ್ರತಿಯನ್ನು ಸರ್ವರ್‌ನಲ್ಲಿ ಬಿಡುವ ಗುರುತನ್ನು ಹಾಕಿ, ತಾನಾಗಿ ಮೇಲ್ ತರುವುದನ್ನು ನಿಲ್ಲಿಸಿ, ಒಂದು ಆರ್ಥಿಕ ವರ್ಷದ ಲೆಕ್ಕಪತ್ರ ಮುಗಿಯುವವರೆಗೆ ಹಾಗೆಯೇ ಇರಲು ಬಿಡಿ. ಬಿಟ್ಟುಹೋದ ಪತ್ರವೊಂದು ಬೇಕಾಗುವುದು ಸಾಮಾನ್ಯವಾಗಿ ಮಾರ್ಚ್ ತಿಂಗಳಿನಲ್ಲಿಯೇ.