ತುರುಬು ನಿಲ್ಲಬೇಕಾದದ್ದು ಸುತ್ತಿನ ಬಲದಿಂದ

ಉದ್ದ ಕೂದಲಿನ ಹೆಣ್ಣುಮಕ್ಕಳು ಮತ್ತೆ ತುರುಬಿನ ಕಡೆಗೆ ಒಲಿಯುತ್ತಿರುವುದು ನನಗೆ ಬಹಳ ಸಂತೋಷದ ಸಂಗತಿ. ಆದರೆ ಮದುವೆಮನೆಗಳಲ್ಲಿ ಗಮನಿಸಿ ನೋಡಿ: ಊಟದ ಎಲೆ ಹಾಕುವ ಹೊತ್ತಿಗೆ ಕೆಲವರ ತುರುಬು ಜಾರಿ ಕುತ್ತಿಗೆಯ ಮೇಲೆ ಇಳಿದಿರುತ್ತದೆ, ಜಾರಬಾರದೆಂದು ಎಳೆದು ಬಿಗಿದುಕೊಂಡವರಿಗೆ ತಲೆನೋವು ಬಂದಿರುತ್ತದೆ. ತುರುಬನ್ನು ಬಿಗಿತದ ಮತ್ತು ಪಿನ್ನುಗಳ ಭರವಸೆಯ ಮೇಲೆ ನಿಲ್ಲಿಸಲು ಹೊರಡುವುದೇ ಈ ಎರಡಕ್ಕೂ ಕಾರಣ. ಸರಿಯಾಗಿ ಹುರಿ ಮಾಡಿ ಸುತ್ತಿದ ತುರುಬು ಬಹುಪಾಲು ತನ್ನ ಸುತ್ತಿನಿಂದಲೇ ನಿಲ್ಲುತ್ತದೆ. ಆ ಸುತ್ತು ಬಿಚ್ಚಿಕೊಳ್ಳದಂತೆ ಕಾಯುವುದಷ್ಟೇ ಪಿನ್ನಿನ ಕೆಲಸ.

ತಲೆಗೆ ಎರೆದುಕೊಂಡ ದಿನವೇ ತುರುಬು ಕಟ್ಟದಿರುವುದು ಒಳ್ಳೆಯದು. ಸೀಗೆಪುಡಿಯಲ್ಲಾಗಲಿ ಶಾಂಪೂವಿನಲ್ಲಾಗಲಿ ಆಗತಾನೇ ತೊಳೆದ ಕೂದಲು ಪಿನ್ನಿನ ಹಿಡಿತಕ್ಕೆ ಸಿಗದೆ ಜಾರುತ್ತದೆ. ಒಂದು ದಿನ ಕಳೆದರೆ ನೆತ್ತಿಯ ಸಹಜ ಎಣ್ಣೆ ಹರಿದು ಅದಕ್ಕೆ ತಕ್ಕಷ್ಟು ಹಿಡಿತ ಬರುತ್ತದೆ. ಒದ್ದೆ ಕೂದಲನ್ನಂತೂ ಕಟ್ಟಲೇಬಾರದು. ನೀರು ಕುಡಿದ ಕೂದಲು ಎಳೆದರೆ ಹಿಗ್ಗಿ ಬೇಗ ತುಂಡಾಗುತ್ತದೆ, ಸುತ್ತಿನ ಒಳಗೆ ತೇವ ಉಳಿದು ಮುಗ್ಗಲು ವಾಸನೆಯೂ ಹಿಡಿಯುತ್ತದೆ. ಸಿಕ್ಕು ಬಿಡಿಸುವಾಗ ತುದಿಯಿಂದ ಆರಂಭಿಸಿ ಮೇಲೆ ಮೇಲೆ ಬರಬೇಕು. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರಿನಷ್ಟು ಮಾತ್ರ ಬೆಳೆಯುವುದರಿಂದ, ಸೊಂಟ ಮುಟ್ಟುವ ಕೂದಲಿನ ತುದಿ ಹಲವು ವರ್ಷಗಳ ಬಿಸಿಲು, ಗಾಳಿ, ಬಾಚಣಿಗೆಗಳನ್ನು ಕಂಡಿರುತ್ತದೆ. ಅಂಗೈಗೆ ಎರಡು ಹನಿ ಕೊಬ್ಬರಿ ಎಣ್ಣೆ ತಿಕ್ಕಿಕೊಂಡು ಆ ತುದಿಗೆ ಮಾತ್ರ ಸವರಿದರೆ ಸಾಕು.

ಇನ್ನು ಸುತ್ತುವ ಬಗೆ. ಬೈತಲೆ ತೆಗೆದು, ಕೂದಲನ್ನೆಲ್ಲ ಹಿಂದಕ್ಕೆ ಬಾಚಿ, ಹೆಕ್ಕತ್ತಿಗಿಂತ ಎರಡು ಬೆರಳು ಮೇಲೆ ಎಡಗೈಯಲ್ಲಿ ಹಿಡಿದುಕೊಳ್ಳಿ. ಬಲಗೈಯಿಂದ ಬುಡದಿಂದ ತುದಿಯವರೆಗೆ ಒಂದೇ ದಿಕ್ಕಿಗೆ ಹುರಿ ಹಾಕುತ್ತ ಹೋದರೆ, ಒಂದು ಹಂತದಲ್ಲಿ ಹುರಿ ತಾನಾಗಿಯೇ ಒಂದು ಕಡೆಗೆ ಮಡಚಿಕೊಳ್ಳಲು ತೊಡಗುವುದು ಕೈಗೆ ತಿಳಿಯುತ್ತದೆ. ಅದು ಯಾವ ಕಡೆಗೆ ಬಾಗುತ್ತದೋ ಅದೇ ಕಡೆಗೆ ಬುಡದ ಸುತ್ತ ಸುತ್ತಬೇಕು. ವಿರುದ್ಧವಾಗಿ ಸುತ್ತಿದರೆ ಹುರಿ ಸಡಿಲಗೊಂಡು ಎಷ್ಟು ಪಿನ್ನು ಚುಚ್ಚಿದರೂ ನಿಲ್ಲುವುದಿಲ್ಲ. ಒಂದು ಸುತ್ತಿನ ಮೇಲೆ ಇನ್ನೊಂದನ್ನು ಹೇರದೆ, ಪಕ್ಕಪಕ್ಕದಲ್ಲಿ ತಲೆಗೆ ಒತ್ತಿಕೊಂಡಂತೆ ಕೂರಿಸಿ, ಕೊನೆಯ ತುದಿಯನ್ನು ಅಡಿಗೆ ಸೇರಿಸಬೇಕು. ಕೂದಲು ಬಹಳ ದಟ್ಟವಾಗಿದ್ದರೆ ಅಥವಾ ರೇಷ್ಮೆಯಷ್ಟು ನುಣುಪಾಗಿದ್ದರೆ ಮೊದಲು ಸಡಿಲವಾದ ಜಡೆ ಹೆಣೆದು ಆ ಜಡೆಯನ್ನೇ ಸುತ್ತುವುದು ಮೇಲು. ಕೂದಲು ತೆಳ್ಳಗಾದವರು ಚೌರಿ ಸೇರಿಸಿಕೊಳ್ಳಲು ಸಂಕೋಚಪಡಬೇಕಾಗಿಲ್ಲ, ಹಿಂದಿನಿಂದಲೂ ಎಲ್ಲರೂ ಮಾಡುತ್ತ ಬಂದದ್ದೇ ಅದು.

ಯು ಪಿನ್ನು ಹಾಕುವ ಕ್ರಮವನ್ನು ಮಾತ್ರ ಕನ್ನಡಿಯ ಮುಂದೆ ನಿಂತು ನಿಧಾನವಾಗಿ ಕಲಿಯಬೇಕು. ನೇರವಾಗಿ ಒಳಕ್ಕೆ ತಳ್ಳಿದ ಪಿನ್ನು ಸ್ವಲ್ಪ ಹೊತ್ತಿಗೆ ನೇರವಾಗಿಯೇ ಹೊರಬರುತ್ತದೆ. ತುರುಬಿನ ಅಂಚಿನ ಕೂದಲನ್ನು ಪಿನ್ನಿನ ಎರಡು ಕಾಲುಗಳಲ್ಲಿ ಹಿಡಿದು, ಕಾಲುಗಳ ತುದಿ ತುರುಬಿನಿಂದ ಆಚೆ ಮುಖ ಮಾಡಿದಂತೆ ನೆತ್ತಿಗೆ ತಾಗಿಸಿ, ಬುಡದ ಕೂದಲನ್ನೂ ಸ್ವಲ್ಪ ಸೇರಿಸಿಕೊಂಡ ಮೇಲೆ, ಪಿನ್ನನ್ನು ಹಿಂದಕ್ಕೆ ಮಗುಚಿ ತುರುಬಿನ ನಡುವಿನತ್ತ ತಳ್ಳಬೇಕು. ಹೀಗೆ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಒಂದೊಂದು ಹಾಕಿದರೆ ಸಾಮಾನ್ಯ ದಟ್ಟಣೆಯ ಕೂದಲಿಗೆ ಸಾಕಾಗುತ್ತದೆ. ಕಿವಿಯ ಹಿಂದಿನ ಎಳೆಗಳಿಗೆ ಹಾಕುವ ಚಪ್ಪಟೆ ಪಿನ್ನಿನ ಅಂಕುಡೊಂಕಾದ ಬದಿ ತಲೆಯ ಕಡೆಗೆ ಇರಬೇಕು, ನುಣುಪಾದ ಬದಿ ಹೊರಗೆ. ಬಹಳ ಮಂದಿ ಇದನ್ನು ತಿರುಗಿಸಿ ಹಾಕುತ್ತಾರೆ.

ಹೂವನ್ನು ತುರುಬು ಗಟ್ಟಿಯಾಗಿ ನಿಂತ ಮೇಲೆ, ಕೊನೆಯಲ್ಲಿ ಮುಡಿಯಬೇಕು. ಶಂಕರಪುರದ ಕಡೆಯಿಂದ ಬರುವ ಉಡುಪಿ ಮಲ್ಲಿಗೆಯನ್ನು ಬಾಳೆನಾರಿನಲ್ಲಿ ಒತ್ತಾಗಿ ಕಟ್ಟಿ ಚೆಂಡಿನ ಲೆಕ್ಕದಲ್ಲಿ ಮಾರುತ್ತಾರೆ, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಒಂದೇ ತುರುಬಿಗೆ ಒಂದು ಚೆಂಡಿನ ಅರ್ಧ ಬೇಕಾದಷ್ಟಾಯಿತು. ದಂಡೆಯನ್ನು ತುರುಬಿನ ತಲೆಯ ಮೇಲೆ ಹೇರದೆ ಬುಡದ ಸುತ್ತ ಬಳಸಿದರೆ ಅದರ ಭಾರ ಹುರಿಯ ಮೇಲೆ ಬೀಳುವುದಿಲ್ಲ. ಪಿನ್ನು ಹೂವಿಗೆ ಚುಚ್ಚದೆ ನಾರಿಗೆ ಸಿಕ್ಕಿಸಬೇಕು, ಹೂವಿಗೆ ಚುಚ್ಚಿದರೆ ಅಲ್ಲಿಂದಲೇ ಕಂದು ಬಣ್ಣ ತಿರುಗುತ್ತದೆ. ಮಲ್ಲಿಗೆ ಸಂಜೆ ಅರಳುವ ಹೂವಾದ್ದರಿಂದ ಆರತಕ್ಷತೆಗೆ ಹೋಗುವವರು ಬಿಗಿ ಮೊಗ್ಗಿನ ದಂಡೆಯನ್ನೇ ಆರಿಸಿಕೊಳ್ಳಲಿ, ಜನ ಸೇರುವ ಹೊತ್ತಿಗೆ ಅದು ತಲೆಯಲ್ಲೇ ಅರಳುತ್ತದೆ. ಕನಕಾಂಬರಕ್ಕೆ ಪರಿಮಳವಿಲ್ಲದಿದ್ದರೂ ಅದು ಹಗುರ, ಬೇಗ ಬಾಡುವುದಿಲ್ಲ. ಪರಿಮಳದಿಂದ ತಲೆನೋವು ಬರುವವರಿಗೆ ನಾನು ಅದನ್ನೇ ಹೇಳುತ್ತೇನೆ.

ತುರುಬಿನ ಎತ್ತರವನ್ನು ಅಂದಿನ ಕೆಲಸ ನೋಡಿ ನಿರ್ಧರಿಸಬೇಕು. ರೇಷ್ಮೆ ಸೀರೆಗೆ ಕುತ್ತಿಗೆಯ ಮೇಲಿನ ತಗ್ಗು ತುರುಬಿನಷ್ಟು ಗಾಂಭೀರ್ಯ ಬೇರಾವುದಕ್ಕೂ ಇಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಬಸ್ಸಿನಲ್ಲಿ ದೂರ ಪ್ರಯಾಣ ಮಾಡುವಾಗ ಅದು ಸೀಟಿಗೆ ಒತ್ತಿ ಕತ್ತು ಮುಂದಕ್ಕೆ ಬಾಗುತ್ತದೆ, ಹಾಗಾಗಿ ಕುಳಿತಿರುವಷ್ಟು ಹೊತ್ತು ಜಡೆ ಹಾಕಿಕೊಂಡಿದ್ದು ಊರು ತಲುಪಿದ ಮೇಲೆ ಸುತ್ತಿಕೊಳ್ಳಿ. ಹೆಲ್ಮೆಟ್ಟಿನೊಳಗೆ ತುರುಬನ್ನು ಒತ್ತಿ ತುಂಬಿದರೆ ಹೆಲ್ಮೆಟ್ಟು ತಲೆಗೆ ಸರಿಯಾಗಿ ಕೂರುವುದಿಲ್ಲ. ಅಲ್ಲಿ ಅಂದಕ್ಕಿಂತ ಜೀವ ಮುಖ್ಯ.

ನೆತ್ತಿ ನೋಯುವಷ್ಟು ಬಿಗಿಯಾಗಿ ದಿನವೂ ಒಂದೇ ಜಾಗದಲ್ಲಿ ಕಟ್ಟುತ್ತಿದ್ದರೆ ಹಣೆಯ ಅಂಚಿನಲ್ಲಿ, ಕಿವಿಯ ಮೇಲ್ಭಾಗದಲ್ಲಿ ಕೂದಲು ತೆಳುವಾಗತೊಡಗುತ್ತದೆ. ಬೇಗ ಗಮನಿಸಿ ಸಡಿಲಿಸಿದರೆ ಮತ್ತೆ ಬೆಳೆಯುತ್ತದೆ, ವರ್ಷಗಟ್ಟಲೆ ಮುಂದುವರಿದರೆ ಬುಡವೇ ಸತ್ತು ಅಲ್ಲಿ ಬೋಳು ಉಳಿಯುತ್ತದೆ. ಪುಟ್ಟ ಹುಡುಗಿಯರಿಗೆ ನೃತ್ಯದ ತರಗತಿಗಾಗಿ ತುರುಬು ಕಟ್ಟುವ ತಾಯಂದಿರು ಇದನ್ನು ವಿಶೇಷವಾಗಿ ನೆನಪಿಡಬೇಕು. ಮಗು ಹುಬ್ಬೇರಿಸಲು ಕಷ್ಟಪಡುತ್ತಿದ್ದರೆ ಬಿಗಿ ಹೆಚ್ಚಾಗಿದೆ ಎಂದೇ ಅರ್ಥ.

ಮಲಗುವ ಮುನ್ನ ಪಿನ್ನುಗಳನ್ನೆಲ್ಲ ತೆಗೆದು, ತುದಿಯಿಂದ ಸುತ್ತು ಬಿಚ್ಚಿ, ಬೆರಳಿನಿಂದ ನೆತ್ತಿಯನ್ನು ಸ್ವಲ್ಪ ಹೊತ್ತು ಒತ್ತಿ, ಸಡಿಲ ಜಡೆ ಹಾಕಿಕೊಂಡು ಮಲಗಬೇಕು. ತೆಗೆದ ಪಿನ್ನುಗಳನ್ನು ಡಬ್ಬಿಗೆ ಹಾಕುವ ಮೊದಲು ಒಮ್ಮೆ ನೋಡಿ, ತುದಿಯ ಗುಂಡು ಉದುರಿದ್ದನ್ನೂ ತುಕ್ಕು ಹಿಡಿದಿದ್ದನ್ನೂ ಎಸೆದುಬಿಡಿ. ಅಂಥವು ನೆತ್ತಿಯನ್ನು ಗೀರುತ್ತವೆ.